ಪೋಕರ್‌ನಲ್ಲಿ ಮೊದಲ ಸೀಟಿನಿಂದ ರೈಸ್ ಮಾಡಿದ (ಬೆಟ್ ಏರಿಸಿದ) ಮೇಲೆ ಫ್ಲಾಪ್ (ಮಧ್ಯೆ ತೆರೆಯುವ ಮೊದಲ ಮೂರು ಎಲೆ) ಹೇಗೆ ಆಡೋದು? ಗೊತ್ತಿರುವವರು ಹೇಳಿ

ಸೋಮವಾರಪೇಟೆಯಿಂದ ಪ್ರಶ್ನೆ: ಜುಲೈ ಮಳೆಗೆ ತೋಟದ ಕೆಲಸ ನಿಂತಾಗ ಮನೆಯಲ್ಲಿ ಆಡುವ ಪೋಕರ್. ದುಡ್ಡಿಲ್ಲ, ಬರೀ ಚಿಪ್ಸ್. ಎಂಟು ಜನ, ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್; ದೊಡ್ಡದನ್ನು ಹಾಕುವವನು ಬಿಗ್ ಬ್ಲೈಂಡ್) 5-10, ತಲೆಗೆ 1000. ಬಿಗ್ ಬ್ಲೈಂಡ್ ಆದ ಮೇಲಿನ ಸೀಟಿನಲ್ಲಿ, ಅಂದರೆ ಮೊದಲು ಆಡುವ ಸೀಟಿನಲ್ಲಿ, ನನಗೆ ಇಸ್ಪೀಟ್ ಎಕ್ಕ, ಇಸ್ಪೀಟ್ ರಾಜ. 30ಕ್ಕೆ ರೈಸ್ ಮಾಡಿದರೆ ಬಟನ್ (ಫ್ಲಾಪ್‌ನಿಂದ ಕೊನೆಗೆ ಆಡುವವನು) ಮತ್ತು ಬಿಗ್ ಬ್ಲೈಂಡ್ ಕಾಲ್ (ಅಷ್ಟೇ ಹಾಕಿದರು). ಪಾಟ್ (ಮಧ್ಯದ ಒಟ್ಟು ಚಿಪ್ಸ್) 95. ಫ್ಲಾಪ್: ಆಟೀನ್ 9, ಆಟೀನ್ 8, ಕಳಾವರ್ 4. ಬಿಗ್ ಬ್ಲೈಂಡ್ ಚೆಕ್ ಮಾಡಿದ (ಬೆಟ್ ಹಾಕದೆ ಬಿಟ್ಟ). ಈಗ ಬೆಟ್ ಹಾಕಬೇಕಾ?

ಮಡಿಕೇರಿ: ಬೇಡ ಅಣ್ಣ, ಚೆಕ್ ಮಾಡಿ. ಅರ್ಧ ಪಾಟ್ ಹಾಕಿದರೆ ಆ ಬೆಟ್ಟಿಗೆ ನಷ್ಟ ಆಗದಿರಲು ಮೂರರಲ್ಲಿ ಒಂದು ಸಲವಾದರೂ ಇಬ್ಬರೂ ಫೋಲ್ಡ್ ಆಗಬೇಕು. ಅಂದರೆ ಒಬ್ಬೊಬ್ಬರೂ ಸುಮಾರು 58% ಸಲ ಎಲೆ ಎಸೆಯಬೇಕು. 10-9, ಗುಲಾಮ-10, 7-6, ಎರಡು ಆಟೀನ್ ಹಿಡಿದವರು ಈ ಫ್ಲಾಪ್‌ನಲ್ಲಿ ಎಸೆಯಲ್ಲ. ರಮ್ಮಿ ಆಡಿ ಬಂದವರಂತೂ ‘ಇನ್ನೊಂದು ಎಲೆ ನೋಡೋಣ’ ಅಂತ ಕಾಲ್ ಮಾಡ್ತಾನೇ ಇರ್ತಾರೆ. ನಿಮಗೆ ಉಪಯೋಗಕ್ಕೆ ಬರುವ ಎಲೆ ಮೂರು ಎಕ್ಕ, ಮೂರು ರಾಜ, ಒಟ್ಟು ಆರು ಅಂತ ಕಾಣುತ್ತೆ. ಆದರೆ ಆಟೀನ್ ಎಕ್ಕ, ಆಟೀನ್ ರಾಜ ಬಂದರೆ ಬೇರೆಯವರ ಫ್ಲಶ್ (ಒಂದೇ ಬಣ್ಣದ, ಇಲ್ಲಿ ಆಟೀನ್‌ನ, ಐದು ಎಲೆ) ಆಗಬಹುದು. ನೆಮ್ಮದಿಯ ಎಲೆ ನಾಲ್ಕೇ, ಕಾಣದ 47ರಲ್ಲಿ 4.

ಗೋಣಿಕೊಪ್ಪ: ಚೆಕ್ ಸರಿ, ಆದರೆ ಇದನ್ನೇ ಎಲ್ಲ ಕಡೆ ಅಭ್ಯಾಸ ಮಾಡಿಕೊಳ್ಳಬೇಡಿ. ಬಿಗ್ ಬ್ಲೈಂಡ್ ಒಬ್ಬನೇ ಕಾಲ್ ಮಾಡಿ, ಎಕ್ಕ-7-2 ಮೂರು ಬೇರೆ ಬಣ್ಣದಲ್ಲಿ ಬಿತ್ತು ಅನ್ನಿ. ಪಾಟ್ 65, ಅವನು ಚೆಕ್ ಮಾಡಿದರೆ 20 ಹಾಕಿ. ಕೈಯಲ್ಲಿ ಏನೇ ಇರಲಿ, ಹೆಚ್ಚು ಕಮ್ಮಿ ಪ್ರತಿ ಸಲವೂ ಹಾಕಬಹುದು. ನಾಲ್ಕರಲ್ಲಿ ಒಂದು ಸಲ ಅವನು ಫೋಲ್ಡ್ ಆದರೆ ಸಾಕು. ಮೊದಲ ಸೀಟಿನಿಂದ ರೈಸ್ ಮಾಡಿದವನಲ್ಲಿ ಎಕ್ಕದ ಜೋಡಿ, ಎಕ್ಕ-ರಾಜ ಇರುತ್ತೆ. ಬಿಗ್ ಬ್ಲೈಂಡ್‌ನಲ್ಲಿ ಕೂತವನ ಹತ್ತಿರ ಅವು ಇದ್ದಿದ್ದರೆ ಫ್ಲಾಪ್‌ಗೆ ಮೊದಲೇ ರೀರೈಸ್ ಮಾಡ್ತಿದ್ದ. 7-6-5 ಬಿದ್ದರೆ ಲೆಕ್ಕ ತಿರುಗುಮುರುಗು. 9-8, 4-3, 7-6 ಎಲ್ಲ ಅವನ ಹತ್ತಿರ ಇರುತ್ತೆ, ನಿಮ್ಮ ಹತ್ತಿರ ಇರೋದು ಕಡಿಮೆ. ಅಲ್ಲಿ ರಾಣಿ ಜೋಡಿಯನ್ನೂ ಎಷ್ಟೋ ಸಲ ಚೆಕ್ ಮಾಡೋದೇ ಒಳ್ಳೇದು.

ಬಟನ್ ಒಬ್ಬನೇ ಕಾಲ್ ಮಾಡಿದ್ದರೆ ಅವನು ನಿಮ್ಮ ನಂತರ ಆಡ್ತಾನೆ, ಹಾಗಾಗಿ ಚೆಕ್ ಇನ್ನೂ ಜಾಸ್ತಿ ಇರಲಿ.

ವಿರಾಜಪೇಟೆ: ಅದೇ 9-8-4ರಲ್ಲಿ ಕೈಗೆ ರಾಣಿ ಜೋಡಿ ಬಂದಿದ್ದರೆ ಮೂವರ ಪಾಟ್‌ನಲ್ಲಿ ಬೆಟ್ ಹಾಕಲೇಬೇಕು, ಅದೂ 60-65. ಹೆದರಿಕೊಂಡು 30 ಹಾಕೋದೇ ದೊಡ್ಡ ತಪ್ಪು. 30 ಹಾಕಿದರೆ ಫ್ಲಶ್ ಡ್ರಾ ಇರುವವನು (ಫ್ಲಶ್‌ಗೆ ಒಂದೇ ಎಲೆ ಬೇಕಾದವನು) ಅವನದೂ ಸೇರಿ 155ರ ಪಾಟ್‌ಗೆ 30 ಕೊಟ್ಟ ಹಾಗೆ, ಅಂದರೆ 19%. ಟರ್ನ್‌ನಲ್ಲಿ (ಮಧ್ಯೆ ತೆರೆಯುವ ನಾಲ್ಕನೇ ಎಲೆ) ಅವನಿಗೆ ಆಟೀನ್ ಬರುವ ಸಾಧ್ಯತೆಯೂ 19%. ಸರಿಯಾದ ರೇಟಿಗೆ ನೀವೇ ಎಲೆ ಮಾರಿದಂತಾಯ್ತು. 65 ಹಾಕಿದರೆ ಅವನಿಗೆ 29% ಸಾಧ್ಯತೆ ಬೇಕಾಗುತ್ತೆ. ಹಾಗಂತ ಒಂದು ಜೋಡಿಗೆ ಪೂರ್ತಿ 1000 ಹಾಕಬೇಡಿ. ಪಾಟ್‌ನ ಹತ್ತು ಪಟ್ಟು ಚಿಪ್ಸ್ ಇನ್ನೂ ಕೈಯಲ್ಲಿದೆ. ಗಟ್ಟಿ ಎಲೆ ಇಲ್ಲದೆ ರೈಸ್ ಮಾಡದವನು 65ರ ಮೇಲೆ 200 ಹಾಕಿದರೆ ಅಲ್ಲೇ ಬಿಟ್ಟುಬಿಡಿ, ಸೆಟ್ (ಒಂದೇ ಅಂಕಿಯ ಮೂರು ಎಲೆ) ಇರುತ್ತೆ.

ಕುಶಾಲನಗರ: ಫ್ಲಾಪ್‌ನ ಅರ್ಧ ತಲೆನೋವು ಶುರುವಾಗೋದು ರೈಸ್‌ನಲ್ಲೇ. ಎಂಟು ಜನರ ಟೇಬಲ್ಲಿನಲ್ಲಿ ಮೊದಲ ಸೀಟಿನಿಂದ ಬೇರೆ ಬಣ್ಣದ ಎಕ್ಕ-10, ರಾಜ-ಗುಲಾಮ ಫೋಲ್ಡ್ ಮಾಡಿ. ಎಕ್ಕ-10 ಅಂದರೆ, ಎಕ್ಕ ಬಿದ್ದ ಮೇಲೂ ಎಕ್ಕ-ರಾಣಿ ಇಟ್ಟುಕೊಂಡವನಿಗೆ ಸೋಲುವ ಕೈ ಅದು. ನಿಮ್ಮಲ್ಲಿ 30ಕ್ಕೆ ಮೂರು ನಾಲ್ಕು ಜನ ಕಾಲ್ ಮಾಡೋದು ಮಾಮೂಲಿ ಆಗಿದ್ದರೆ 40-50ಕ್ಕೆ ರೈಸ್ ಮಾಡಿ.

ಸೋಮವಾರಪೇಟೆ: ಎಲ್ಲರೂ ಚೆಕ್ ಮಾಡಿ, ಟರ್ನ್‌ನಲ್ಲಿ ರಾಜ ಬಂದರೆ?

ಮಡಿಕೇರಿ: ಬಿಗ್ ಬ್ಲೈಂಡ್ ಮತ್ತೆ ಚೆಕ್ ಮಾಡಿದರೆ, ರಾಜ ಯಾವ ಬಣ್ಣ ನೋಡಿ. ಡೈಮನ್ ಅಥವಾ ಕಳಾವರ್ ಆದರೆ 95ಕ್ಕೆ 60 ಹಾಕಿ. ಸಣ್ಣ ಜೋಡಿಯವರೂ ಡ್ರಾ ಇರುವವರೂ ಕಾಲ್ ಮಾಡ್ತಾರೆ. ಆಟೀನ್ ರಾಜ ಆದರೆ ಚೆಕ್ ಮಾಡಿ, ಯಾರಾದರೂ ಸಣ್ಣ ಬೆಟ್ ಹಾಕಿದರೆ ಒಂದು ಸಲ ಕಾಲ್ ಮಾಡಿ.