ಎಚ್4 ವೀಸಾದಲ್ಲಿದ್ದೀನಿ, ಬಯೋಮೆಡಿಕಲ್ ಸಂಶೋಧನೆಗೆ ಹೋಗ್ಬೇಕು. ಈ ದಾರೀಲಿ ನಡೆದವರು ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ನನಗೆ 18 ವರ್ಷ. ದಾವಣಗೆರೆಯಲ್ಲಿ ಒಂಬತ್ತನೇ ಕ್ಲಾಸು ಮುಗಿಸಿ, ಅಪ್ಪನ ಎಚ್1ಬಿ (ಅಮೆರಿಕದ ಕೆಲಸದ ವೀಸಾ) ಜೊತೆ ನ್ಯೂಜೆರ್ಸಿಗೆ ಬಂದೆ, ನನ್ನದು ಅವರ ಕುಟುಂಬದವರಿಗೆ ಕೊಡೋ ಎಚ್4. ಈಗ ಕಮ್ಯುನಿಟಿ ಕಾಲೇಜಿನಲ್ಲಿ ಬಯಾಲಜಿ, ಮೊದಲ ವರ್ಷ. ನಮ್ಮಜ್ಜಿಗೆ ಟಿಬಿ ಆಗಿತ್ತು. ಆರು ತಿಂಗಳು ಮಾತ್ರೆ ನುಂಗಿದ್ದನ್ನ ಕಣ್ಣಾರೆ ನೋಡಿದೀನಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು ಅಂತ ಹೆದರಿ ಮಧ್ಯೆ ಒಂದು ವಾರ ನಿಲ್ಲಿಸಿಬಿಟ್ಟಿದ್ದರು. ಗಂಟಲು ನೋವಿಗೆ ಐದು ದಿನದ ಮಾತ್ರೆ ಸಾಕಾಗುತ್ತೆ, ಇದಕ್ಕೆ ಯಾಕೆ ಆರು ತಿಂಗಳು ಅನ್ನೋದು ಆಗಿನಿಂದ ತಲೆಯಲ್ಲೇ ಇದೆ. ಅಪ್ಪ ಕಂಪ್ಯೂಟರ್ ಸೈನ್ಸ್ ತಗೋ ಅಂತಾರೆ. ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಕೇಳಿದ್ರೆ ಎಚ್4ನವರಿಗೆ ಸಂಬಳ ಕೊಡೋ ಹಾಗಿಲ್ಲ ಅಂದ್ರು. ಲ್ಯಾಬಿನೊಳಗೆ ಕಾಲಿಡೋದು ಹೇಗೆ? ನಮ್ಮಂಥವರಿಗೆ ಈ ದಾರಿ ಇದೆಯಾ?

ಎಡಿಸನ್‌ನಿಂದ ಒಬ್ಬ ಅಮ್ಮ

ಪುಟ್ಟಿ, ಮೊದಲು ನಿನ್ನ 21ನೇ ಹುಟ್ಟುಹಬ್ಬ ಯಾವತ್ತು ಅಂತ ಕ್ಯಾಲೆಂಡರ್ ನೋಡು. ಬ್ಯಾಕ್ಟೀರಿಯಾ ವಿಷಯ ಆಮೇಲೆ. ಆ ದಿನಕ್ಕೆ ನಿನ್ನ ಎಚ್4 ಮುಗಿಯುತ್ತೆ. ಅಪ್ಪನ ಗ್ರೀನ್ ಕಾರ್ಡ್ ಸರದಿ ಅಷ್ಟರಲ್ಲಿ ಬರುತ್ತೆ ಅಂತ ಕಾದು ಕೂರಬೇಡ, ಭಾರತದಲ್ಲಿ ಹುಟ್ಟಿದವರ ಸಾಲು ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು. ಒಬ್ಬ ವಕೀಲರ ಹತ್ತಿರ ನಿನ್ನ ವಯಸ್ಸಿನ ಲೆಕ್ಕ ಒಮ್ಮೆ ಹಾಕಿಸು. ಅರ್ಜಿ ಬಾಕಿಯಿದ್ದ ದಿನಗಳನ್ನ ವಯಸ್ಸಿನಿಂದ ಕಳೆಯೋಕೆ ಒಂದು ಕಾನೂನು ಇದೆ, ಆದ್ರೆ ಅದು ಎಲ್ಲರ ಕೈ ಹಿಡಿಯಲ್ಲ. ಉಳಿದಿರೋದು ಎಫ್1, ಅಂದ್ರೆ ವಿದ್ಯಾರ್ಥಿ ವೀಸಾ. ಕಾಲೇಜಿನಿಂದ ಐ-20 (ಪ್ರವೇಶದ ದಾಖಲೆ) ತಗೊಂಡು ಐ-539 (ವೀಸಾ ಸ್ಥಿತಿ ಬದಲಿಸೋ ಅರ್ಜಿ) ಹಾಕಬೇಕು, ಇಲ್ಲಾ ಊರಿಗೆ ಹೋಗಿ ವೀಸಾ ಸ್ಟ್ಯಾಂಪ್ ಮಾಡಿಸ್ಕೊಂಡು ಬರಬೇಕು. ನನ್ನ ಮಗನಿಗೆ 20 ವರ್ಷ ನಾಲ್ಕು ತಿಂಗಳಾದಾಗ ಹಾಕಿದ್ವಿ. ಆಮೇಲೆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ನೀನು ಇನ್ನೂ ಮುಂಚೆ ಹಾಕು.

ಇನ್ನೊಂದು. ಅವನಿಗೆ ಒಂದು ಕಡೆ ಬೇಸಿಗೆ ಸಂಶೋಧನೆಗೆ ಆಯ್ಕೆ ಅಂತ ಪತ್ರ ಬಂತು, ನಾನು ಪಾಯಸ ಮಾಡಿದೆ. ಎರಡು ವಾರ ಬಿಟ್ಟು ದಾಖಲೆ ಕೇಳಿದರು, ವೀಸಾ ನೋಡಿ ವಾಪಸ್ ತಗೊಂಡರು. ತಪ್ಪು ನಮ್ಮದೇ, ಅರ್ಹತೆಯ ಸಾಲು ಓದಿರಲಿಲ್ಲ. ಸರ್ಕಾರದ ವಿಜ್ಞಾನ ನಿಧಿ ಎನ್‌ಎಸ್‌ಎಫ್‌ನ ಬೇಸಿಗೆ ಸಂಶೋಧನೆ ಆರ್‌ಇಯು, ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಬೇಸಿಗೆ ಇಂಟರ್ನ್‌ಶಿಪ್, ಮುಂದೆ ಪಿಎಚ್‌ಡಿಗೆ ಎನ್‌ಎಸ್‌ಎಫ್ ಫೆಲೋಶಿಪ್, ಎಲ್ಲಾ ಅಮೆರಿಕನ್ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವೂ ಅಷ್ಟೇ. ಪ್ರಬಂಧ ಬರೆಯೋ ಮುಂಚೆ ಆ ಒಂದು ಸಾಲು ಓದು.

ಫಿಲಡೆಲ್ಫಿಯಾದಿಂದ, ಪೋಸ್ಟ್‌ಡಾಕ್

ತಂಗೀ, ನಾ ಧಾರವಾಡದಾಕಿ, ಪಿಎಚ್‌ಡಿ ಮುಗಿಸಿ ಈಗ ಲ್ಯಾಬಿನ್ಯಾಗ ಸಂಶೋಧನೆ ಮಾಡಾಕ ಹತ್ತೀನಿ. ವೀಸಾದ ಮಾತು ಅಕ್ಕಾರು ಹೇಳ್ಯಾರ, ನಾ ಲ್ಯಾಬಿನ ಮಾತು ಹೇಳ್ತೀನಿ.

ನಿನ್ನ ಆ ಪ್ರಶ್ನಿ ಅದಲ್ಲ, ಆರು ತಿಂಗಳು ಯಾಕ ಅನ್ನೋದು, ಅದು ಭಾಳ ಛಲೋ ಪ್ರಶ್ನಿ. ದೊಡ್ಡ ದೊಡ್ಡ ಲ್ಯಾಬ್‌ನವರು ಅದರ ಹಿಂದ ಬಿದ್ದಾರ. ಇ. ಕೋಲೈ ಅನ್ನೂ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕ ಒಂದಕ್ಕೆರಡು ಆಗ್ತದ, ಟಿಬಿ ಬ್ಯಾಕ್ಟೀರಿಯಾಕ್ಕ ಸುಮಾರು ಇಪ್ಪತ್ತು ತಾಸು ಬೇಕು. ಅದರಾಗ ಒಂದಿಷ್ಟು ಬೆಳಿಯೂದ ನಿಲ್ಲಿಸಿ ಸುಮ್ಮ ಕುಂತ ಬಿಡ್ತಾವ. ಔಷಧದ ಏಟು ಹೆಚ್ಚಾಗಿ ಬೀಳೂದು ಬೆಳಿಯಾಕ ಹತ್ತಿದ್ದಕ್ಕ, ಮಲಗಿದ್ದು ಉಳೀತಾವ.

ಆದ್ರ ಖರೇ ಟಿಬಿ ಜೀವಾಣು ಇರೂ ಬಿಎಸ್‌ಎಲ್-3 (ಭಾಳ ಬಿಗಿ ಸುರಕ್ಷತೆಯ) ಕೋಣ್ಯಾಗ ನಿನ್ನಂಥ ಹೊಸಬರನ್ನ ಬಿಡಂಗಿಲ್ಲ. ಅದಕ್ಕ ಬ್ಯಾಸರ ಮಾಡ್ಕೋಬ್ಯಾಡ. ಅದರ ಸಾಧು ತಮ್ಮ ಒಬ್ಬ ಇದ್ದಾನ, ಮೈಕೋಬ್ಯಾಕ್ಟೀರಿಯಮ್ ಸ್ಮೆಗ್ಮ್ಯಾಟಿಸ್. ಸುಮಾರು ಮೂರು ತಾಸಿಗೊಮ್ಮೆ ಇಬ್ಬಾಗ ಆಗ್ತಾನ, ಸಾಮಾನ್ಯ ಲ್ಯಾಬಿನ್ಯಾಗ ಬೆಳಸಬಹುದು. ಟಿಬಿ ಮ್ಯಾಲೆ ಕೆಲಸ ಮಾಡೂ ಎಷ್ಟೋ ಮಂದಿ ಕಲಿಯೂದು ಅವನ ಮ್ಯಾಲ. ನಿಮ್ಮ ರಾಜ್ಯದಾಗ, ನ್ಯೂವಾರ್ಕ್‌ನ್ಯಾಗ ರಟ್ಗರ್ಸ್‌ನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಅದ, ಟಿಬಿ ಸಂಶೋಧನೆಗೆ ಹೆಸರಾದದ್ದು. ಅಲ್ಲೆ ಯಾರ್ಯಾರು ಏನೇನು ಮಾಡಾಕ ಹತ್ತ್ಯಾರ ಅಂತ ಕುಂತು ಓದು.

ಆಮ್ಯಾಲ ಇಮೇಲ್ ಬರಿ. ಆರು ಸಾಲು, ಸಾಕು. "ಬಾಲ್ಯದಿಂದ ವಿಜ್ಞಾನದಲ್ಲಿ ಆಸಕ್ತಿ" ಅಂತ ಬರದ್ರ ಯಾರೂ ಓದಂಗಿಲ್ಲ. ಅವರ ಒಂದು ಪೇಪರ್ ಓದಿ, ತಿಳಿಲಾರದ್ದನ್ನ ಒಂದ ಪ್ರಶ್ನಿ ಮಾಡಿ ಕೇಳು. ಅಜ್ಜಿ ಮಾತ್ರೆ ಬಿಟ್ಟ ಕಥಿ ಎರಡು ಸಾಲಿನ್ಯಾಗ ಹಾಕು. ನಾ ಪಿಎಚ್‌ಡಿ ಶುರುವಿಗೆ ಲ್ಯಾಬ್ ಹುಡುಕೂ ಮುಂದ 23 ಮಂದಿಗೆ ಬರದಿದ್ದೆ, ನಾಕ ಮಂದಿ ಉತ್ತರಾ ಕೊಟ್ಟರು, ಒಬ್ಬರು ಬಾ ಅಂದರು. ಒಬ್ಬರು ಸಾಕಲ್ಲ.

ಸಂಬಳ ಕೇಳಬ್ಯಾಡ, ಕ್ರೆಡಿಟ್ ಕೇಳು. ಎಚ್4ನ್ಯಾಗ ಓದಾಕ ಅಡ್ಡಿ ಇಲ್ಲ, ಸಂಶೋಧನೆನ ಒಂದು ಕೋರ್ಸ್ ಅಂತ ತಗೊಂಡ್ರ ಅದೂ ಓದ ಆತು. ಆದ್ರ ಬ್ಯಾರೆಯವರಿಗೆ ಪಗಾರ ಕೊಡೂ ಕೆಲಸಾನ ನೀ ಪುಕ್ಕಟೆ ಮಾಡಿದ್ರ ತ್ರಾಸ ಆಗಬಹುದು, ಅದಕ್ಕ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನವರಿಂದ ಬರವಣಿಗೆಯೊಳಗ ತಗೋ. ಮೊದಲ ಮೂರು ತಿಂಗಳು ಟಿಪ್ ಡಬ್ಬಿ ತುಂಬೂದು, ಆಟೋಕ್ಲೇವ್ (ಉಗಿಯಿಂದ ಜೀವಾಣು ಕೊಲ್ಲೂ ಯಂತ್ರ) ಹಚ್ಚೂದು, ಪ್ಲೇಟ್ ಸುರಿಯೂದು. ಅದನ್ನ ಮುಖ ಗಂಟಿಕ್ಕಲಾರದ ಮಾಡಿದವರಿಗೆ ಆಮ್ಯಾಲ ಪಿಪೆಟ್, ಅಂದ್ರ ಖರೇ ಪ್ರಯೋಗದ ಕೆಲಸ, ಸಿಗ್ತದ. ಪಿಎಚ್‌ಡಿ ಅರ್ಜಿಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ನಿನ್ನ ಕೈ ನೋಡಿದವರು ಬರದ ಪತ್ರಕ್ಕ ತೂಕ ಬ್ಯಾರೆ.

ಮೈಸೂರಿನ ನಿವೃತ್ತ ಮೇಷ್ಟ್ರು, ಈಗ ಮಗಳ ಮನೆ, ಡಲ್ಲಾಸ್

ಯೆಲ್ಲಾಪ್ರಗಡ ಸುಬ್ಬರಾವ್ ಹೆಸರು ಕೇಳಿದ್ದೀಯಾ ಮಗೂ? 1920ರ ದಶಕದಲ್ಲಿ ಆಂಧ್ರದಿಂದ ಬಾಸ್ಟನ್‌ಗೆ ಬಂದು, ಖರ್ಚಿಗೆ ಆಸ್ಪತ್ರೆಯಲ್ಲಿ ರಾತ್ರಿ ಪೋರ್ಟರ್ ಕೆಲಸ ಮಾಡಿಕೊಂಡು ಓದಿದವರು. ನಮ್ಮ ಕರಾವಳಿಯಲ್ಲಿ, ಕಲಬುರಗಿ ಕಡೆ, ಆನೆಕಾಲು ರೋಗಕ್ಕೆ ಮನೆಮನೆಗೆ ಬಂದು ಕೊಟ್ಟ ಡಿಇಸಿ ಮಾತ್ರೆ ಹೊರಬಂದದ್ದು ಅವರ ತಂಡದಿಂದ. ಈ ಕಥೆಯನ್ನು ಉತ್ಸಾಹ ತುಂಬೋಕೆ ಎಲ್ಲರೂ ಹೇಳ್ತಾರೆ. ನನಗೆ ಮಾತ್ರ ಇವತ್ತು ಎಚ್4ನಲ್ಲಿ ಆ ಪೋರ್ಟರ್ ಕೆಲಸವೂ ಮಾಡುವಂತಿಲ್ಲ ಅನ್ನೋದೇ ಹೊಳೆಯಿತು. ನಿನ್ನ ಕಷ್ಟ ನಿಜವಾದದ್ದು, ಯಾರಾದರೂ ನೆಪ ಅಂದರೆ ನಂಬಬೇಡ.

ಸ್ಯಾನ್ ಡಿಯೇಗೋದಿಂದ, ಸಂಶೋಧನೆ ಬಿಟ್ಟವನು

ಸ್ವಲ್ಪ ತಣ್ಣೀರು ಎರಚ್ತೀನಿ, ಕ್ಷಮಿಸಿ. ಪಿಎಚ್‌ಡಿ ಐದಾರು ವರ್ಷ. ಫೀಸು ಇಲ್ಲ, ಸ್ಟೈಪೆಂಡ್ ಇರುತ್ತೆ, ಅಷ್ಟರ ಮಟ್ಟಿಗೆ ಅಪ್ಪನಿಗೆ ಸಮಾಧಾನ ಹೇಳಿ. ಆದ್ರೆ ಎನ್‌ಐಎಚ್‌ನ ತರಬೇತಿ ಗ್ರಾಂಟು ಟಿ32, ಫೆಲೋಶಿಪ್ ಎಫ್31, ಎರಡೂ ವೀಸಾದವರಿಗಿಲ್ಲ. ಟಿ32 ಹಣ ನಂಬಿಕೊಂಡಿರೋ ವಿಭಾಗಗಳು ವಿದೇಶಿಯರನ್ನ ಕಡಿಮೆ ತಗೊಳ್ಳೋದು ಅದಕ್ಕೇ. ನಮ್ಮಂಥವರಿಗೆ ಸಂಬಳ ಬರೋದು ಗೈಡ್‌ಗೆ ಎನ್‌ಐಎಚ್ ಕೊಡೋ ಆರ್01ನಂಥ ಸಂಶೋಧನಾ ಗ್ರಾಂಟಿನಿಂದ ಅಥವಾ ವಿಶ್ವವಿದ್ಯಾಲಯದ ಹಣದಿಂದ, ಅದಕ್ಕೆ ಪೌರತ್ವ ಕೇಳಲ್ಲ. ಸರ್ಕಾರಿ ದುಡ್ಡಿನ ಎಂಡಿ-ಪಿಎಚ್‌ಡಿ (ಡಾಕ್ಟರ್ ಓದು, ಪಿಎಚ್‌ಡಿ ಒಟ್ಟಿಗೆ) ಕನಸಿದ್ರೆ ಸದ್ಯಕ್ಕೆ ಪಕ್ಕಕ್ಕಿಡಿ.

ಆಮೇಲೆ ಪೋಸ್ಟ್‌ಡಾಕ್. 2024ರಲ್ಲಿ ಎನ್‌ಐಎಚ್ ನಿಗದಿ ಮಾಡಿದ ಆರಂಭದ ಸ್ಟೈಪೆಂಡ್ ವರ್ಷಕ್ಕೆ 61,008 ಡಾಲರ್. ಅಷ್ಟೊತ್ತಿಗೆ ನಿಮಗೆ ಮೂವತ್ತರ ಹತ್ತಿರ. 2025ರಲ್ಲಿ ಗ್ರಾಂಟುಗಳು ಅಲ್ಲಾಡಿದಾಗ ಕೆಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟುಗಳನ್ನೇ ಕಡಿಮೆ ಮಾಡಿದವು. ನಾನು ಬಿಟ್ಟಿದ್ದು ವಿಜ್ಞಾನ ಬೇಜಾರಾಗಿ ಅಲ್ಲ, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಅನ್ನೋ ಪ್ರಶ್ನೆ ಪ್ರತಿ ವರ್ಷ ಕೇಳಿಕೊಂಡು ಸಾಕಾಗಿ.

ಅಪ್ಪ ಹೇಳೋದ್ರಲ್ಲಿ ಅರ್ಧ ಸರಿ. ಪೈಥಾನ್, ಆರ್ ಅನ್ನೋ ಎರಡೂ ಪ್ರೋಗ್ರಾಮಿಂಗ್ ಭಾಷೆಗಳನ್ನ ಈಗಲೇ ಕಲೀರಿ. ಜೀನೋಮ್ ಡೇಟಾ ಓದೋಕೆ ಬಂದ್ರೆ ಲ್ಯಾಬಿನಲ್ಲೂ ಬೆಲೆ, ಹೊರಗೂ ಬೆಲೆ. ಎಫ್1ಗೆ ಹೋದ್ಮೇಲೆ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಸಂಬಳದ ಕೆಲಸ ಮಾಡಬಹುದು. ಈಗಿನ ನಿಯಮದ ಪ್ರಕಾರ ಡಿಗ್ರಿ ಮುಗಿದ ಮೇಲೆ 12 ತಿಂಗಳ ಒಪಿಟಿ (ಓದಿದ ವಿಷಯದಲ್ಲೇ ಕೆಲಸ ಮಾಡೋ ಅನುಮತಿ), ಸ್ಟೆಮ್ ಅಂದ್ರೆ ವಿಜ್ಞಾನ-ತಂತ್ರಜ್ಞಾನದ ಡಿಗ್ರಿ ಅಂತ ಇನ್ನೂ 24. ಆ ಮೂರು ವರ್ಷದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ದುಡಿದು, ಸಂಶೋಧನೆ ನಿಜವಾಗಲೂ ಬೇಕಾ ಅಂತ ನೋಡಿಕೊಂಡು ಪಿಎಚ್‌ಡಿಗೆ ಹಾಕಿದವರು ನನ್ನ ಜೊತೆಯವರಲ್ಲಿ ಗಟ್ಟಿಯಾಗಿ ನಿಂತರು. ನಾನು ನೇರವಾಗಿ ಹೋದವನು.

ಬೆಂಗಳೂರಿಗೆ ವಾಪಸ್ ಬಂದವಳು

ಅಲ್ಲಿರೋರಿಗೆ ಇಲ್ಲಿನ ದಾರಿ ನೆನಪಾಗೋದೇ ಇಲ್ಲ. ನಿನ್ನ ಕೈಯಲ್ಲಿರೋದು ಇಂಡಿಯನ್ ಪಾಸ್‌ಪೋರ್ಟ್. ಅಲ್ಲಿ ಪೌರತ್ವದ ಸಾಲು ನಿನ್ನನ್ನ ಹೊರಗಿಟ್ಟರೆ, ಇಲ್ಲಿ ಅದೇ ಸಾಲು ಒಳಗೆ ಬಿಡುತ್ತೆ. ಐಐಎಸ್‌ಸಿಯಲ್ಲಿ ಟಿಬಿ ಕೆಲಸಕ್ಕೆ ಬಿಎಸ್‌ಎಲ್-3 ಲ್ಯಾಬೇ ಇದೆ. ಜೀವವಿಜ್ಞಾನದ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಡಿಗ್ರಿ ಆದ ಕೂಡಲೇ ಸೇರಬಹುದಾದ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ, ಪ್ರವೇಶ ಪರೀಕ್ಷೆ ಬರೀಬೇಕು. ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ಸರ್ಕಾರದ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಸಮಯಕ್ಕೆ ಬರುತ್ತೆ ಅಂತ ಮಾತ್ರ ಆಣೆ ಮಾಡಲ್ಲ, ನನಗೆ ಒಂದು ಸಲ ಐದು ತಿಂಗಳು ಬರಲಿಲ್ಲ, ಅಣ್ಣನ ಹತ್ತಿರ ಸಾಲ ಮಾಡಿದೆ.

ನಿನ್ನ ಪ್ರಶ್ನೆಗೆ ಇಲ್ಲಿ ಹಳೆಯ ನಂಟೂ ಇದೆ. ಒಂದು ಕಾಲಕ್ಕೆ ಟಿಬಿ ಅಂದ್ರೆ ಸ್ಯಾನಟೋರಿಯಂ ಅನ್ನೋ ವಿಶೇಷ ಆಸ್ಪತ್ರೆಗೆ ಸೇರಿಸೋದು. ಮನೆಯಲ್ಲೇ ಇದ್ದು ಮಾತ್ರೆ ತಗೊಂಡರೂ ಅಷ್ಟೇ ಚೆನ್ನಾಗಿ ವಾಸಿಯಾಗುತ್ತೆ ಅಂತ ತೋರಿಸಿದ್ದು 1959ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನ. ಬೆಂಗಳೂರಿನ ನ್ಯಾಷನಲ್ ಟಿಬಿ ಇನ್‌ಸ್ಟಿಟ್ಯೂಟ್ ಶುರುವಾದದ್ದೂ ಅದೇ ವರ್ಷ. ಆಗ ಚಿಕಿತ್ಸೆ ಒಂದು ವರ್ಷಕ್ಕೂ ಮೇಲೆ ನಡೀತಿತ್ತು. ರಿಫಾಂಪಿಸಿನ್, ಪೈರಾಜಿನಮೈಡ್ ಅನ್ನೋ ಎರಡು ಔಷಧಿ ಸೇರಿದ ಮೇಲೆ ಆರು ತಿಂಗಳಿಗೆ ಇಳೀತು. ನಿಮ್ಮಜ್ಜಿಯನ್ನ ಹೆದರಿಸಿದ ಕಿತ್ತಳೆ ಬಣ್ಣ ಅದೇ ರಿಫಾಂಪಿಸಿನ್‌ದು. 2021ರಲ್ಲಿ ನಾಲ್ಕು ತಿಂಗಳಿನ ಚಿಕಿತ್ಸೆಯೂ ಸಾಕಾಗಬಹುದು ಅಂತ ದೊಡ್ಡ ಟ್ರಯಲ್ ಒಂದು ತೋರಿಸಿತು. ಆರು ತಿಂಗಳು ಯಾಕೆ ಅಂತ ಕೇಳಿದವರು ನಿನಗಿಂತ ಮುಂಚೆಯೂ ಇದ್ದರು, ಅದಕ್ಕೇ ಅದು ಕಡಿಮೆ ಆಗ್ತಾ ಬಂದಿರೋದು.

ಪ್ರಶ್ನೆ ಕೇಳಿದವಳು, ಹನ್ನೆರಡು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನ ಜೊತೆ ಕೂತು 21ರ ಲೆಕ್ಕ ಹಾಕಿದ್ವಿ, ಮುಂದಿನ ವಾರ ವಕೀಲರ ಭೇಟಿ. ಪೈಥಾನ್ ಕೋರ್ಸಿಗೆ ಹೆಸರು ಕೊಟ್ಟೆ, ಅಪ್ಪ ಈಗ ಸ್ವಲ್ಪ ತಣ್ಣಗಾಗಿದ್ದಾರೆ. ನಮ್ಮ ಬಯಾಲಜಿ ಪ್ರೊಫೆಸರ್ ಮುಂದಿನ ಸೆಮಿಸ್ಟರಿಗೆ ಎರಡು ಕ್ರೆಡಿಟ್‌ನ ಸಂಶೋಧನೆ ಕೋರ್ಸ್ ಮಾಡಿಸ್ತೀನಿ ಅಂದಿದ್ದಾರೆ. ಒಂಬತ್ತು ಇಮೇಲ್ ರೆಡಿ ಇದೆ, ಕಳಿಸೋಕೆ ಕೈ ಬರ್ತಿಲ್ಲ. ಅಜ್ಜಿ ಮಾತ್ರೆ ಬಿಟ್ಟ ವಿಷಯ ಬರೆದ್ರೆ ಅವರ ಕಾಯಿಲೆಯನ್ನ ನನ್ನ ಲಾಭಕ್ಕೆ ಉಪಯೋಗಿಸಿಕೊಂಡ ಹಾಗೆ ಅನಿಸ್ತಿದೆ.

ಫಿಲಡೆಲ್ಫಿಯಾದಿಂದ, ಪೋಸ್ಟ್‌ಡಾಕ್

ಅಜ್ಜಿನ್ನ ಕೇಳಿದೇನು? ನಾವೇನು ಹೇಳೂದು, ಆಕಿನ್ನ ಕೇಳು.

ಪ್ರಶ್ನೆ ಕೇಳಿದವಳು

ಈಗಷ್ಟೇ ಫೋನ್ ಮಾಡಿದೆ. "ಬರಿಯೇ ತಾಯಿ, ನಂಗೇನು ನಾಚ್ಕೆ? ಆದ್ರೆ ಒಂದು ವಾರ ಅಲ್ಲ, ನಾನು ಬಿಟ್ಟಿದ್ದು ಹತ್ತು ದಿನ. ನಿಮ್ಮಮ್ಮಂಗೆ ಸುಳ್ಳು ಹೇಳಿದ್ದೆ. ಸರಿಯಾಗಿ ಬರಿ" ಅಂದ್ರು. ಒಂಬತ್ತರಲ್ಲೂ ತಿದ್ದುತ್ತಾ ಇದೀನಿ.