ಎಪ್‌ಕಾಟ್ ಮಾದರಿಯ ಔತಣ: ಹನ್ನೊಂದು ದೇಶ, ಒಂದೇ ಅಡುಗೆಮನೆ

ಪ್ರಶ್ನೆ: ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಎಪ್‌ಕಾಟ್ ಥೀಮ್ ಪಾರ್ಕ್‌ನಲ್ಲಿ ಕೆರೆಯ ಸುತ್ತ ಹನ್ನೊಂದು ದೇಶಗಳ ಪೆವಿಲಿಯನ್‌ಗಳಿವೆಯಲ್ಲ, ಆ ‘ವರ್ಲ್ಡ್ ಶೋಕೇಸ್’ ಮಾದರಿಯಲ್ಲಿ ಮನೆಯಲ್ಲೇ ರಾತ್ರಿಯೂಟ ಮಾಡಬೇಕೆಂದಿದೆ. 12 ಜನ, ನಾಲ್ಕು ಬರ್ನರಿನ ಒಲೆ, ಒಂದು ಓವನ್. ಹನ್ನೊಂದು ದೇಶದ ತಿನಿಸನ್ನೂ ಮಾಡಲು ಆದೀತೇ? ಎಲ್ಲಿ ಕೈಕೊಡುತ್ತದೆ?

ಉತ್ತರ 1: ಹನ್ನೊಂದು ಬೇಡ, ಐದು ಸಾಕು. ವರ್ಲ್ಡ್ ಶೋಕೇಸ್ ಕೂಡ 1982ರಲ್ಲಿ ಒಂಬತ್ತೇ ದೇಶಗಳಿಂದ ಶುರುವಾಗಿದ್ದು. ಮೊರಾಕೊ 1984ರಲ್ಲಿ, ನಾರ್ವೆ 1988ರಲ್ಲಿ ಸೇರಿದವು. ಉಳಿದ ಆರು ದೇಶಗಳು ಬಾವುಟವಾಗಿಯೋ ಕುಡಿಯುವ ಪಾನೀಯವಾಗಿಯೋ ಬಂದರೆ ಸಾಕು.

ಕ್ರಮ ಮುಖ್ಯ. ಅಲ್ಲಿ ಬಹಳ ಮಂದಿ ಮೆಕ್ಸಿಕೊದಿಂದ ಹೊರಟು ಕೆನಡಾದಲ್ಲಿ ಮುಗಿಸುತ್ತಾರೆ. ಊಟಕ್ಕೆ ಅದನ್ನು ತಿರುಗಿಸಿ, ಕೆನಡಾದಿಂದ ಹೊರಡಿ. ಕೆನಡಾದ ಚೆಡ್ಡರ್ ಚೀಸ್ ಸೂಪ್ ಮೊದಲು, ಆಮೇಲೆ ಮೊರಾಕೊದ ಕೂಸ್‌ಕೂಸ್ (ಗೋಧಿ ರವೆಯ ಸಣ್ಣ ಕಾಳು), ನಡುವೆ ಬಾಯಿ ತಣಿಸಲು ಜಪಾನಿನ ಕಾಕಿಗೋರಿ (ಸಿರಪ್ ಸುರಿದ ಹೆರೆದ ಮಂಜುಗಡ್ಡೆ), ನಂತರ ಜರ್ಮನಿಯ ಪ್ರೆಟ್ಜೆಲ್, ಕೊನೆಗೆ ನಾರ್ವೆಯ ಸ್ಕೂಲ್ ಬ್ರೆಡ್, ಅಂದರೆ ನಡುವೆ ಕಸ್ಟರ್ಡ್ ಇರುವ ಸಿಹಿ ಬನ್. ಪೆವಿಲಿಯನ್‌ಗಳ ಸಾಲೂ ತಪ್ಪುವುದಿಲ್ಲ, ಊಟದ ಸರದಿಯೂ ಸರಿಹೋಗುತ್ತದೆ. ಒಬ್ಬರಿಗೆ ಸೂಪ್ 120 ಮಿಲಿ, ಕೂಸ್‌ಕೂಸ್ 90 ಗ್ರಾಂ, ಪ್ರೆಟ್ಜೆಲ್ 50 ಗ್ರಾಂ, ಬನ್ ಒಂದು. ಕೂಸ್‌ಕೂಸ್ ಮಾತ್ರ ಎರಡನೇ ಸುತ್ತಿಗೂ ಸಾಲುವಷ್ಟಿರಲಿ, ಹೊಟ್ಟೆ ತುಂಬಿಸುವುದು ಅದೇ.

ಕರಿದ ತಿನಿಸನ್ನು ಪೂರ್ತಿ ಬಿಟ್ಟುಬಿಡಿ. ಬ್ರಿಟನ್ನಿನ ಫಿಶ್ ಅಂಡ್ ಚಿಪ್ಸ್, ಚೀನಾದ ಸ್ಪ್ರಿಂಗ್ ರೋಲ್ ಆಸೆ ಹುಟ್ಟಿಸುತ್ತವೆ ನಿಜ. ಆದರೆ ಕರಿದ ಹತ್ತು ನಿಮಿಷಕ್ಕೇ ಮೆತ್ತಗಾಗುವುದರಿಂದ ಕರಿಯುವವರು ಒಲೆ ಬಿಟ್ಟು ಕದಲುವಂತಿಲ್ಲ.

ಉತ್ತರ 2: ಸೂಪಿನ ಬಗ್ಗೆ ಹೇಳಲೇಬೇಕು, ಹೆಚ್ಚಾಗಿ ಕೆಡುವುದು ಅದೇ. 60 ಗ್ರಾಂ ಬೆಣ್ಣೆಯಲ್ಲಿ ಒಂದು ಈರುಳ್ಳಿ, ಎರಡು ಸೆಲರಿ ದಂಟು ಬಾಡಿಸಿ. 60 ಗ್ರಾಂ ಮೈದಾ ಹಾಕಿ, ಹಸಿ ವಾಸನೆ ಹೋಗುವ ತನಕ ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಕೈಯಾಡಿಸಿ. 700 ಮಿಲಿ ಸ್ಟಾಕ್ (ಮಾಂಸ ಇಲ್ಲವೇ ತರಕಾರಿ ಬೇಯಿಸಿ ಸೋಸಿದ ರಸ) ಸ್ವಲ್ಪಸ್ವಲ್ಪವಾಗಿ ಸುರಿದು ಕಾಲು ಗಂಟೆ ಕುದಿಸಿ, 450 ಮಿಲಿ ಹಾಲು ಸೇರಿಸಿ ಬಿಸಿ ಮಾಡಿ. ಈಗ ಒಲೆಯಿಂದ ಇಳಿಸಿ. 300 ಗ್ರಾಂ ಚೆಡ್ಡರ್ ತುರಿ ಹಾಕುವುದು ಇಳಿಸಿದ ಮೇಲೆಯೇ, ಅದೂ ಒಂದೊಂದು ಹಿಡಿ. ಹಿಂದಿನ ಹಿಡಿ ಕರಗಿದ ಮೇಲೆ ಮುಂದಿನದು. ಚೀಸ್ ಬಿದ್ದ ಮೇಲೆ ಸೂಪ್ ಕುದಿದರೆ ಪ್ರೋಟೀನ್ ಬಿಗಿದುಕೊಂಡು ಜಿಡ್ಡು ಮೇಲೆ ತೇಲುತ್ತದೆ, ತಳದಲ್ಲಿ ಮರಳಿನಂಥ ಹರಳು ಉಳಿಯುತ್ತದೆ. ಹಾಗಾದ ಮೇಲೆ ಮೊದಲಿನ ನಯ ಮರಳಿ ಬರುವುದು ಕಷ್ಟ. ತುರಿದು ಪ್ಯಾಕ್ ಮಾಡಿದ ಚೀಸ್ ಬೇಡ. ಅಂಟಿಕೊಳ್ಳದಿರಲೆಂದು ಸವರಿದ ಪಿಷ್ಟದಿಂದ ನಯ ಹೋಗುತ್ತದೆ. ಎಪ್‌ಕಾಟ್‌ನ ಸೂಪಿನಲ್ಲಿ ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ಮತ್ತು ಬಿಯರ್ ಇರುತ್ತವೆ. ಬಿಯರ್ ಹಾಕುವುದಾದರೆ 100 ಮಿಲಿ, ಬೆಚ್ಚಗಿರಲಿ, ಕೊನೆಯಲ್ಲಿ.

ಬಡಿಸುವ ತನಕ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು 65 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯ್ದುಕೊಳ್ಳಿ. ಮರುದಿನಕ್ಕೆ ಮಾಡಿಡಬೇಕೆಂದಿದ್ದರೆ ಹಾಲಿನ ಹಂತಕ್ಕೇ ನಿಲ್ಲಿಸಿ ಫ್ರಿಜ್‌ಗೆ ಸೇರಿಸಿ, ಚೀಸ್ ಆ ದಿನ ಹಾಕಿ.

ಉತ್ತರ 3: ಓವನ್ ಒಂದೇ ಇರುವುದರಿಂದ ಬನ್ ಬೆಳಿಗ್ಗೆ, ಪ್ರೆಟ್ಜೆಲ್ ಅತಿಥಿಗಳು ಬರುವ ಅರ್ಧ ಗಂಟೆ ಮುಂಚೆ.

ಬನ್ನಿಗೆ 500 ಗ್ರಾಂ ಮೈದಾ, 300 ಮಿಲಿ ಉಗುರುಬೆಚ್ಚಗಿನ ಹಾಲು, 80 ಗ್ರಾಂ ಸಕ್ಕರೆ, 75 ಗ್ರಾಂ ಬೆಣ್ಣೆ, 7 ಗ್ರಾಂ ಒಣ ಯೀಸ್ಟ್, ಒಂದೂವರೆ ಚಮಚ ಏಲಕ್ಕಿ ಪುಡಿ, ಅರ್ಧ ಚಮಚ ಉಪ್ಪು. 80 ಗ್ರಾಮಿನ 12 ಉಂಡೆಗಳಾಗುತ್ತವೆ. ನಡುವಿನ ಕಸ್ಟರ್ಡಿನ ಗುಳಿಯನ್ನು ಎರಡನೇ ಸಲ ಉಬ್ಬಿದ ಮೇಲೆ, ಲೋಟದ ತಳದಿಂದ, ಹಲಗೆ ತಾಗುವಷ್ಟು ಒತ್ತಬೇಕು. ಮೊದಲೇ ಒತ್ತಿದರೆ ಹಿಟ್ಟು ಮತ್ತೆ ಎದ್ದು ಗುಳಿ ಮುಚ್ಚಿಹೋಗುತ್ತದೆ, ಕಸ್ಟರ್ಡ್ ಬದಿಗೆ ಹರಿಯುತ್ತದೆ. ಕಸ್ಟರ್ಡ್ ಗಟ್ಟಿ ಇರಲಿ: 300 ಮಿಲಿ ಹಾಲು, ಎರಡು ಮೊಟ್ಟೆಯ ಹಳದಿ, 50 ಗ್ರಾಂ ಸಕ್ಕರೆ, 30 ಗ್ರಾಂ ಕಾರ್ನ್‌ಫ್ಲೋರ್. 200 ಡಿಗ್ರಿಯಲ್ಲಿ 12 ನಿಮಿಷ. ಪೂರ್ತಿ ಆರಿದ ಮೇಲೆ ಅಂಚಿಗೆ ಐಸಿಂಗ್ ಸವರಿ ಕೊಬ್ಬರಿ ತುರಿಯಲ್ಲಿ ಒತ್ತಿ. ಕಸ್ಟರ್ಡ್ ಇರುವುದರಿಂದ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು.

ಪ್ರೆಟ್ಜೆಲ್‌ಗೆ 370 ಗ್ರಾಂ ಮೈದಾ, 210 ಮಿಲಿ ನೀರು, 20 ಗ್ರಾಂ ಬೆಣ್ಣೆ, 5 ಗ್ರಾಂ ಯೀಸ್ಟ್, 7 ಗ್ರಾಂ ಉಪ್ಪು. ಆ ಕಂದು ಬಣ್ಣ ಬರುವುದು ಅಡಿಗೆ ಸೋಡಾದಿಂದ: ಒಂದು ಲೀಟರ್ ಕುದಿವ ನೀರಿಗೆ 45 ಗ್ರಾಂ, ಉಕ್ಕದಂತೆ ಚಿಟಿಕೆ ಚಿಟಿಕೆಯಾಗಿ. ಪಾತ್ರೆ ಸ್ಟೀಲಿನದ್ದೇ ಆಗಬೇಕು, ಅಲ್ಯೂಮಿನಿಯಂ ಕಪ್ಪಾಗುತ್ತದೆ. 30 ಸೆಕೆಂಡ್ ಅದ್ದಿ, 220 ಡಿಗ್ರಿಯಲ್ಲಿ 12ರಿಂದ 14 ನಿಮಿಷ. ಬಿಸಿಯಿರುವಾಗ ಮುಚ್ಚಿಟ್ಟರೆ ಹಬೆಗೆ ಉಪ್ಪು ಕರಗಿ ಮೇಲ್ಮೈ ಸುಕ್ಕಾಗುತ್ತದೆ.

ಉತ್ತರ 4: ಕೂಸ್‌ಕೂಸ್ ಸುಲಭ. ದಿಢೀರ್ ಬಗೆಯದು 500 ಗ್ರಾಂ, ಕುದಿವ ನೀರು 700 ಮಿಲಿ, ಉಪ್ಪು, ಎರಡು ಚಮಚ ಎಣ್ಣೆ. ಐದು ನಿಮಿಷ ಮುಚ್ಚಿಟ್ಟು ಫೋರ್ಕ್‌ನಿಂದ ಬಿಡಿಸಿ. ಸೌಟು ಹಾಕಿ ತಿರುವಿದರೆ ಮುದ್ದೆಯಾಗುತ್ತದೆ. 400 ಗ್ರಾಂ ಬೆಂದ ಕಡಲೆ, 600 ಗ್ರಾಂ ಬೇಯಿಸಿದ ತರಕಾರಿ ಬೆರೆಸಿದರೆ ಎರಡು ಸುತ್ತಿಗೂ ಆಗುತ್ತದೆ.

ಕಾಕಿಗೋರಿಗೆ ತಾಳ್ಮೆ ಬೇಕು. ಫ್ರೀಜರಿನಿಂದ ತೆಗೆದ ತಕ್ಷಣ ಹೆರೆದರೆ ಮಂಜುಗಡ್ಡೆ ಸಿಡಿದು ಚೂರಾಗುತ್ತದೆ. ಐದರಿಂದ ಹತ್ತು ನಿಮಿಷ ಹೊರಗಿಟ್ಟು, ಮೇಲಿನ ಬಿಳಿ ಪೊರೆ ಹೋಗಿ ಪಾರದರ್ಶಕವಾದಾಗ ಹೆರೆದರೆ ಹತ್ತಿಯ ಎಳೆಯಂತೆ ಬರುತ್ತದೆ. ಸಿರಪ್ಪೂ ಬಟ್ಟಲುಗಳೂ ತಣ್ಣಗಿರಬೇಕು. ಬೆಚ್ಚಗಿನ ಸಿರಪ್ ಮಧ್ಯಕ್ಕೇ ತೂತು ಕೊರೆದು ತಳ ಸೇರುತ್ತದೆ.

ಉತ್ತರ 5: ಕೋಣೆಯ ನಡುವೆ ಏನೂ ಇಡಬೇಡಿ, ಅದೇ ನಿಮ್ಮ ಕೆರೆ. ಮೇಜುಗಳು ಗೋಡೆಗುಂಟ, ನಡುವೆ ಒಂದೊಂದು ಮೀಟರ್ ಅಂತರ. ಒಮ್ಮೆಗೆ ಎರಡೇ ದೇಶ ತೆರೆದಿರಲಿ, ಐದೂ ತೆರೆದರೆ ಎಲ್ಲರೂ ಬನ್ನಿನ ಮುಂದೆಯೇ ನಿಲ್ಲುತ್ತಾರೆ. ಹೆರೆಯುವ ಯಂತ್ರ, ಕೆಟಲ್, ಬಿಸಿತಟ್ಟೆ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸಬೇಡಿ. ಅತಿಥಿಗಳಿಗೆ ಪಾಸ್‌ಪೋರ್ಟ್ ಪುಸ್ತಕ ಮಾಡಿ ಒಂದೊಂದು ದೇಶದ ಮುದ್ರೆ ಒತ್ತುವುದಾದರೆ ಹೊಳಪಿಲ್ಲದ ದಪ್ಪ ಕಾಗದ ತನ್ನಿ, ನುಣುಪು ಕಾಗದದಲ್ಲಿ ಶಾಯಿ ಅಳಿಸಿಹೋಗುತ್ತದೆ.

ಅದೇ ಪುಟದಲ್ಲಿ ಪ್ರತಿ ತಿನಿಸಿನಲ್ಲಿ ಏನಿದೆ ಎಂದು ಬರೆಯಿರಿ: ಗೋಧಿ, ಹಾಲು, ಮೊಟ್ಟೆ, ಮದ್ಯ. ಸಸ್ಯಾಹಾರಿಗಳಿದ್ದರೆ ಸೂಪಿಗೆ ತರಕಾರಿ ಸ್ಟಾಕ್ ಬಳಸಿ, ಬೇಕನ್ ಬಿಡಿ. ಮೂಲ ಪಾಕದಲ್ಲಿ ವೂಸ್ಟರ್‌ಶೈರ್ ಸಾಸ್ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಆಂಚೊವಿ ಮೀನಿರುತ್ತದೆ. ಚೆಡ್ಡರಿನ ಲೇಬಲ್ಲಿನಲ್ಲೂ ರೆನೆಟ್ (ಹಾಲು ಹೆಪ್ಪುಗಟ್ಟಿಸುವ ಕಿಣ್ವ) ಪ್ರಾಣಿಮೂಲದ್ದೋ ಅಲ್ಲವೋ ನೋಡಿಕೊಳ್ಳಿ.