ಪಿಯುಸಿ ತೆಗೆದುಬಿಟ್ರಾ?

ಹೊಸನಗರದ ಅಡಿಕೆ ಬೆಳೆಗಾರ:
ಮಗಳ ಎಸ್ಸೆಸ್ಸೆಲ್ಸಿ ಮುಗೀತು. ದೆಹಲಿಯಲ್ಲಿರೋ ಭಾವ, 'ಈಗ 5+3+3+4, ಪಿಯುಸಿ ಎಲ್ಲ ಹೋಯ್ತು' ಅಂತಾರೆ. ನಮ್ಮಲ್ಲೂ ಹಾಗೇನಾ? ಮಗನಿಗೆ ಐದೂವರೆ, ಅಂಗನವಾಡಿಗೆ ಹೋಗ್ತಾನೆ. ಒಂದನೇ ಕ್ಲಾಸಿಗೆ ತಗೋತಾರಾ?

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು:
ಪಿಯುಸಿ ಎಲ್ಲೂ ಹೋಗಿಲ್ಲ ಮಾರಾಯ್ರೆ! ನಿಮ್ಮ ಭಾವ ಹೇಳಿದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಲೆಕ್ಕ. ಅಂಗನವಾಡಿಯ 3 ವರ್ಷ, ಒಂದು-ಎರಡನೇ ಕ್ಲಾಸು ಸೇರಿ 5 ವರ್ಷ. ಆಮೇಲೆ 3ರಿಂದ 5, 6ರಿಂದ 8, 9ರಿಂದ 12ನೇ ಕ್ಲಾಸು. ನಮ್ಮಲ್ಲಿ ಹತ್ತರ ತನಕ ಶಾಲೆ, ಆಮೇಲೆ 2 ವರ್ಷ ಪಿಯುಸಿ, ಹಳೇ ದಾರಿಯೇ. ಡಿಗ್ರಿಯದ್ದೇ ತಮಾಷೆ: 2021ರಲ್ಲಿ 4 ವರ್ಷದ್ದು ತಂದರು, 2024ರಲ್ಲಿ ಮತ್ತೆ 3 ಮಾಡಿದರು. ಮಕ್ಕಳ ಮೇಲೇ ಪ್ರಯೋಗ ನೋಡಿ.

ಮಗಳಿಗೆ ಮಷೀನು-ಗಿಷೀನು ಇಷ್ಟ ಇದ್ರೆ ಪಾಲಿಟೆಕ್ನಿಕ್ ಡಿಪ್ಲೊಮಾನೂ ಯೋಚಿಸಿ. 3 ವರ್ಷ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದ್ರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು.

ಸಾಗರದಿಂದ ಒಬ್ಬರು:
ಮಗನಿಗೆ ಜೂನ್ 1ಕ್ಕೆ 6 ತುಂಬಿರಬೇಕು. 5 ವರ್ಷ 5 ತಿಂಗಳಿಗೂ ಸೇರಿಸಿಕೊಂಡಿದ್ದು 2025-26ಕ್ಕೆ ಮಾತ್ರ. ಆಡ್ಕೊಂಡಿರಲಿ ಬಿಡಿ.

ಹೊಸನಗರದ ಅಡಿಕೆ ಬೆಳೆಗಾರ:
ಡಿಪ್ಲೊಮಾ ಅಂದ ಕೂಡಲೇ ಮಗಳು ಎದ್ದು ಕೂತಳು. ಹುಡುಗಿಯರ ಹಾಸ್ಟೆಲ್ ಸಿಗುತ್ತಾ ಮೇಷ್ಟ್ರೇ? ಮಳೆಗಾಲದಲ್ಲಿ ದಿನಾ ಶಿವಮೊಗ್ಗಕ್ಕೆ ಓಡಾಡೋದು ಆಗದ ಮಾತು.